ಹೆರಿಗೆ ಫ್ರೀ, ಆದರೂ ಸಾಲ ಯಾಕೆ? ತುಮಕೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಾಕ್ಟರ್ ಅಲ್ಲ, ನರ್ಸೂ ಅಲ್ಲ. ಮಧುಗಿರಿ ತಾಲ್ಲೂಕಿನ ಹಳ್ಳಿಯವಳು. ನಮ್ಮಕ್ಕನ ಹೆರಿಗೆಯಲ್ಲಿ ಪಟ್ಟ ಪಾಡು ನೋಡಿದ ಮೇಲೆ, ಊರಿನಲ್ಲಿ ಯಾರಿಗಾದರೂ ದಿನ ತುಂಬಿದರೆ ಜೊತೆಗೆ ಹೋಗಿ ಬರುವುದು ಅಭ್ಯಾಸವಾಯಿತು. ಆಸ್ಪತ್ರೆಯ ವರಾಂಡದಲ್ಲಿ ಕೂತಾಗ, ಬಸ್ಸಿನಲ್ಲಿ, ಫೋನಿನಲ್ಲಿ ಜನ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ಗೊತ್ತಿದ್ದಷ್ಟು ಬರೆದಿದ್ದೇನೆ.

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ನಿಜವಾಗಿಯೂ ಫ್ರೀನಾ?

ಹೌದು. ಸುಮ್ನೆ ಬೋರ್ಡಿಗೆ ಬರೆದ ಮಾತಲ್ಲ, ಅದು ನಿಮ್ಮ ಹಕ್ಕು. 2011ರ ಜೂನ್ 1ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಅಂತ ಇದೆ. ಬಿಪಿಎಲ್ ಆಗಲಿ ಎಪಿಎಲ್ ಆಗಲಿ, ಸರ್ಕಾರಿ ಆಸ್ಪತ್ರೆಗೆ ಬಂದ ಯಾವ ಗರ್ಭಿಣಿಯೂ ದುಡ್ಡು ಕಟ್ಟಬೇಕಿಲ್ಲ. ನಾರ್ಮಲ್ ಆದರೂ ಫ್ರೀ, ಸಿಸೇರಿಯನ್ ಆದರೂ ಫ್ರೀ. ಔಷಧಿ, ರಕ್ತಪರೀಕ್ಷೆ, ಸ್ಕ್ಯಾನಿಂಗ್, ಬೇಕಾದರೆ ರಕ್ತ, ಎಲ್ಲಾ ಸೇರಿದೆ. ನಾರ್ಮಲ್ ಹೆರಿಗೆಯಾದರೆ 3 ದಿನ, ಸಿಸೇರಿಯನ್ ಆದರೆ 7 ದಿನ ಊಟ ಆಸ್ಪತ್ರೆಯದ್ದೇ. ಮನೆಯಿಂದ ಆಸ್ಪತ್ರೆಗೆ, ಆ ಆಸ್ಪತ್ರೆಯಿಂದ ದೊಡ್ಡಾಸ್ಪತ್ರೆಗೆ, ಆಮೇಲೆ ವಾಪಸ್ ಮನೆಗೆ ಗಾಡಿಯೂ ಫ್ರೀ. ಬಾಣಂತಿಯನ್ನು ಮನೆಗೆ ಬಿಡುವ ಗಾಡಿಗೆ ನಮ್ಮಲ್ಲಿ ನಗು-ಮಗು ಅನ್ನುತ್ತಾರೆ. ಡಿಸ್ಚಾರ್ಜ್ ಆಗುವಾಗ ನೀವೇ ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಹಸಿ ಬಾಣಂತಿ ಆಟೋದಲ್ಲೇ ಹೋಗಬೇಕಾಗುತ್ತದೆ.

ಹುಟ್ಟಿದ ಮಗುವಿಗೆ ಹುಷಾರು ತಪ್ಪಿದರೂ ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ. ಮೊದಲು 30 ದಿನದವರೆಗೆ ಅಂತ ಇತ್ತು, ಆಮೇಲೆ ಒಂದು ವರ್ಷಕ್ಕೆ ಏರಿಸಿದರು.

ಎಲ್ಲಾ ಫ್ರೀ ಅಂದರೆ ನಮ್ಮ ಕೈಯಿಂದ ಇಷ್ಟೊಂದು ಹೇಗೆ ಖರ್ಚಾಯಿತು?

ಇದನ್ನೇ ಎಲ್ಲರೂ ಕೇಳುವುದು. ಬಿಲ್ ಇಲ್ಲ ನಿಜ. ಆದರೆ ಆಸ್ಪತ್ರೆಯ ಬಾಗಿಲು ಮುಟ್ಟುವುದಕ್ಕೆ ಖರ್ಚಿದೆ, ಅಲ್ಲಿ ಉಳಿಯುವುದಕ್ಕೆ ಖರ್ಚಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಸರ್ಕಾರಿ ಆಸ್ಪತ್ರೆಯ ಒಂದು ಹೆರಿಗೆಗೇ ಮನೆಯವರು ಸರಾಸರಿ 2,916 ರೂಪಾಯಿ ಕೈಯಿಂದ ಹಾಕಿದ್ದಾರೆ. ಫ್ರೀ ಅನ್ನುವ ಹೆರಿಗೆಯ ಲೆಕ್ಕ ಇದು.

ಕೂಲಿಯ ಲೆಕ್ಕ ಇದರಿಂದಾಚೆಗೆ. ಒಂದು ಸಲ ತಪಾಸಣೆಗೆ ತಾಲ್ಲೂಕು ಆಸ್ಪತ್ರೆಗೆ ಹೋದರೆ ಬೆಳಿಗ್ಗೆ ಹೊರಟವರು ಸಂಜೆಗೆ ಬರುವುದು. ಗಂಡ ಹೆಂಡತಿ ಇಬ್ಬರಿಗೂ ಅವತ್ತಿನ ಕೂಲಿ ಇಲ್ಲ. ನರೇಗಾ ಕೂಲಿಯೇ 2025-26ರಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ಇಬ್ಬರದ್ದು 740 ಹೋಯಿತು. ಈಗ ಇನ್ನೊಂದು ಕಡೆ ನೋಡಿ: ಜನನಿ ಸುರಕ್ಷಾ ಯೋಜನೆಯಲ್ಲಿ ಹಳ್ಳಿಯ ಬಡ ತಾಯಿಗೆ ಇಡೀ ಹೆರಿಗೆಗೆ ಅಂತ ಕೊಡುವುದು 700. ಒಂದೇ ಒಂದು ದಿನ ಆಸ್ಪತ್ರೆಗೆ ಹೋಗಿ ಬಂದರೆ ಅದಕ್ಕಿಂತ ಜಾಸ್ತಿ ಕಳೆದುಕೊಂಡಿರುತ್ತೇವೆ. ಯೋಜನೆ ಶುರುವಾಗಿದ್ದು 2005ರಲ್ಲಿ. ಆಮೇಲೆ ಬೇಳೆ, ಎಣ್ಣೆ, ಬಸ್ ಚಾರ್ಜ್ ಎಲ್ಲಾ ಏರಿದವು, ಆ 700 ಮಾತ್ರ ಅಲ್ಲೇ ಕೂತಿದೆ.

ಸಂಬಳದ ಕೆಲಸದವಳು ರಜೆ ಹಾಕಿ ಹೋಗುತ್ತಾಳೆ. ಕೂಲಿಯವಳು ಊಟ ಬಿಟ್ಟು ಹೋಗುತ್ತಾಳೆ. ಒಂದೇ ಆಸ್ಪತ್ರೆ, ಒಂದೇ ಚೀಟಿ, ಆದರೆ ಇಬ್ಬರಿಗೂ ಬೀಳುವ ಭಾರ ಒಂದೇ ಅಲ್ಲ.

ಬಸ್ ಈಗ ಹೆಂಗಸರಿಗೆ ಫ್ರೀ ಇದೆಯಲ್ಲ?

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ತುಂಬಾ ಉಪಕಾರವಾಗಿದೆ, ಸುಳ್ಳು ಹೇಳಬಾರದು. ತಿಂಗಳು ತಿಂಗಳು ತಪಾಸಣೆಗೆ ಹೋಗುವವರ ಮುಖದಲ್ಲಿ ಅದು ಕಾಣುತ್ತದೆ. ಆದರೆ ಅದು ಸರ್ಕಾರಿ ಬಸ್ಸಿಗೆ. ಮಧುಗಿರಿ, ಪಾವಗಡ, ಶಿರಾ ಕಡೆ ಎಷ್ಟೋ ರೂಟಲ್ಲಿ ಓಡುವುದು ಪ್ರೈವೇಟ್ ಬಸ್ಸು. ಅಲ್ಲಿ ಟಿಕೆಟ್ ತೆಗೆಯಲೇಬೇಕು. ಇನ್ನು ರಾತ್ರಿ ನೋವು ಬಂದವಳಿಗೆ ಯಾವ ಬಸ್ಸು?

ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ. ಆಸ್ಪತ್ರೆಗೆ ಸೇರಿಸಿಕೊಳ್ಳುವುದಿಲ್ಲವಾ?

ನೋವು ಬಂದಿದ್ದರೆ ಸೇರಿಸಿಕೊಳ್ಳಲೇಬೇಕು. ಕಾಗದ ಆಮೇಲೆ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣವಿದೆ. 2022ರ ನವೆಂಬರ್ ಮೊದಲ ವಾರ, ನಮ್ಮ ತುಮಕೂರು ನಗರದಲ್ಲೇ. ತಮಿಳುನಾಡಿನಿಂದ ಬಂದು ಬಾಡಿಗೆ ಮನೆಯಲ್ಲಿದ್ದ ಒಬ್ಬ ತುಂಬು ಗರ್ಭಿಣಿ, ಗಂಡನ ಆಸರೆಯೂ ಇರಲಿಲ್ಲ. ಅಕ್ಕಪಕ್ಕದವರು ದುಡ್ಡು ಕೂಡಿಸಿ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋದರು. ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ ಅಂತ ವಾಪಸ್ ಕಳಿಸಿದರು ಅನ್ನುವುದು ಆಗ ಬಂದ ಆರೋಪ. ಮನೆಗೆ ಬಂದ ಆ ತಾಯಿಯೂ ಅವಳಿ ಮಕ್ಕಳೂ ಉಳಿಯಲಿಲ್ಲ. ಹಿಂದೆ ಒಂದು ಪುಟ್ಟ ಹೆಣ್ಣುಮಗು ಉಳಿಯಿತು. ಡಾಕ್ಟರನ್ನೂ ನರ್ಸುಗಳನ್ನೂ ಅಮಾನತು ಮಾಡಿದರು. ತುರ್ತು ಇದ್ದಾಗ ದಾಖಲೆ ಕೇಳಬಾರದು ಅಂತ ಆಗಿನ ಆರೋಗ್ಯ ಮಂತ್ರಿಗಳೇ ಹೇಳಿದರು. ನಾನು ಅವತ್ತು ಪೇಪರಿನಲ್ಲಿ ಓದಿ ಇಡೀ ದಿನ ಅನ್ನ ಸೇರದೆ ಕೂತಿದ್ದೆ.

ಕಾರ್ಡ್ ಮಾಡಿಸಿಕೊಳ್ಳುವುದು ಕಷ್ಟವಲ್ಲ. ಮುಟ್ಟು ನಿಂತು ಮೂರು ತಿಂಗಳೊಳಗೆ ಆಶಾ ಅಕ್ಕನಿಗೋ ಅಂಗನವಾಡಿ ಟೀಚರಿಗೋ ಹೇಳಿದರೆ ಸಾಕು, ಹೆಸರು ಬರೆಸುತ್ತಾರೆ. ಆದರೆ ಯಾರಿಗೆ ಕಾರ್ಡ್ ಇರುವುದಿಲ್ಲ ಅಂತ ಯೋಚನೆ ಮಾಡಿ. ಮಾಲೂರಿನ ಇಟ್ಟಿಗೆ ಗೂಡಿಗೆ ಬೇರೆ ಜಿಲ್ಲೆಯಿಂದ ಬಂದವಳು, ಚಿಕ್ಕಬಳ್ಳಾಪುರದ ಕಲ್ಲು ಕ್ವಾರಿಯ ಶೆಡ್ಡಿನಲ್ಲಿ ಇರುವವಳು, ಮನೆಯವರನ್ನು ಎದುರು ಹಾಕಿಕೊಂಡು ಮದುವೆಯಾದವಳು. ಅವಳ ಹೆಸರು ಯಾವ ಆಶಾ ಪಟ್ಟಿಯಲ್ಲೂ ಇರುವುದಿಲ್ಲ. ನಿಮ್ಮ ಪಕ್ಕದಲ್ಲಿ ಅಂಥವರು ಇದ್ದರೆ ನೀವೇ ಹೋಗಿ ಆಶಾಗೆ ತಿಳಿಸಿ. ಒಂದೂರಲ್ಲಿ ಮಾಡಿಸಿದ ತಾಯಿ ಕಾರ್ಡ್ ಇನ್ನೊಂದೂರಲ್ಲೂ ನಡೆಯುತ್ತದೆ. ತವರಿಗೆ ಹೋಗುವಾಗ ಮರೆಯದೆ ತೆಗೆದುಕೊಂಡು ಹೋಗಿ.

ತಾಲ್ಲೂಕು ಆಸ್ಪತ್ರೆಯವರು ಮಾತೆತ್ತಿದರೆ ತುಮಕೂರಿಗೆ ಹೋಗಿ, ಬೆಂಗಳೂರಿಗೆ ಹೋಗಿ ಅನ್ನುತ್ತಾರೆ. ಯಾಕೆ?

ಕೆಲವು ಸಲ ನಿಜವಾಗಿ ಬೇಕಾಗಿರುತ್ತದೆ. ಬಿಪಿ ಏರಿದೆ, ರಕ್ತ ತೀರಾ ಕಮ್ಮಿ, ಮಗು ಅಡ್ಡ ಇದೆ ಅಂದರೆ ದೊಡ್ಡಾಸ್ಪತ್ರೆಗೆ ಕಳಿಸುವುದೇ ಸರಿ. ಆದರೆ ಸಿಸೇರಿಯನ್ ಮಾಡಬೇಕೆಂದರೆ ಹೆರಿಗೆ ಡಾಕ್ಟರ್ ಒಬ್ಬರಿದ್ದರೆ ಆಗುವುದಿಲ್ಲ. ಅರಿವಳಿಕೆ ಕೊಡುವ ಡಾಕ್ಟರ್ ಬೇಕು, ರಕ್ತ ಬೇಕು, ಮಗುವನ್ನು ನೋಡುವವರು ಬೇಕು. ಇಷ್ಟೂ ಜನ ಮಧ್ಯರಾತ್ರಿ ಒಟ್ಟಿಗೆ ಸಿಗದಿದ್ದರೆ ಚೀಟಿ ಬರೆದು ಕಳಿಸುತ್ತಾರೆ.

ನಮ್ಮಕ್ಕನಿಗೆ ಆಗಿದ್ದು ಅದೇ. ರಾತ್ರಿ ಹನ್ನೊಂದು ಗಂಟೆ, ಅರಿವಳಿಕೆ ಡಾಕ್ಟರ್ ಇಲ್ಲ ಅಂದರು. ಆಂಬುಲೆನ್ಸ್ ಬೇರೆ ಕೇಸಿಗೆ ಹೋಗಿತ್ತು. ಕಾದು ಕಾದು ಕೊನೆಗೆ ಊರಿನ ಒಬ್ಬರ ಕಾರಿಗೆ 3,500 ಕೊಟ್ಟು ಹೊರಟೆವು. ಭಾವ ಆ ದುಡ್ಡನ್ನು ದಾರಿಯಲ್ಲೇ ಫೋನ್ ಮಾಡಿ ಬಡ್ಡಿಗೆ ತಂದರು. ಅಕ್ಕ ಹಿಂದಿನ ಸೀಟಿನಲ್ಲಿ ನನ್ನ ಕೈ ಹಿಚುಕುತ್ತಿದ್ದಳು. ಕಾರಿದ್ದ ಮನೆಯವರಾಗಿದ್ದರೆ ಒಂದೂವರೆ ಗಂಟೆ ಮೊದಲೇ ಹೊರಟಿರುತ್ತಿದ್ದರು. ಆ ಒಂದೂವರೆ ಗಂಟೆಯಲ್ಲಿ ತಾಯಿ ಜೀವವೇ ಹೋಗಬಹುದು, ಯಾಕೆಂದರೆ ಹೆರಿಗೆಯ ರಕ್ತಸ್ರಾವಕ್ಕೆ ಕಾಯುವ ತಾಳ್ಮೆ ಇರುವುದಿಲ್ಲ.

ರೆಫರ್ ಮಾಡಿದರೆ ಮೂರು ಕೇಳಿ. ಯಾಕೆ ಕಳಿಸುತ್ತಿದ್ದೀರಿ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಹೋಗುವ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ಹೇಳಲು ಕೇಳಿಕೊಳ್ಳಿ. ಆಂಬುಲೆನ್ಸ್ ಅವರೇ ಕೊಡಬೇಕು, ಅದನ್ನು ಬಿಡಬೇಡಿ.

ಪಾವಗಡ, ಬಾಗೇಪಲ್ಲಿಯವರು ಆಂಧ್ರಕ್ಕೆ ಹೋಗಿ ಹೆರಿಗೆ ಮಾಡಿಸಿಕೊಳ್ಳಬಹುದಾ?

ಹೋಗಬಹುದು, ಹೋಗುತ್ತಲೂ ಇದ್ದಾರೆ. ಪಾವಗಡದಿಂದ ತುಮಕೂರಿಗೆ ನೂರು ಕಿಲೋಮೀಟರ್ ಆಗುತ್ತದೆ. ಸುತ್ತ ಆಂಧ್ರ, ಮಾತು ತೆಲುಗು, ಹಿಂದೂಪುರ ಹತ್ತಿರ. ಜೀವದ ಪ್ರಶ್ನೆ ಬಂದಾಗ ಹತ್ತಿರದ ಒಳ್ಳೆ ಆಸ್ಪತ್ರೆಗೇ ಹೋಗಿ, ಗಡಿ ನೋಡಬೇಡಿ. ಆದರೆ ನಮ್ಮ ರಾಜ್ಯದ ಸೌಲಭ್ಯದ ಹಣಕ್ಕೆ ಆಮೇಲೆ ಓಡಾಟ ಜಾಸ್ತಿಯಾಗುತ್ತದೆ, ಡಿಸ್ಚಾರ್ಜ್ ಪೇಪರ್ ಜೋಪಾನ ಮಾಡಿ.

ಒಂದು ಲೆಕ್ಕ ಮನಸ್ಸಿಗೆ ಚುಚ್ಚುತ್ತದೆ. 2018-20ರಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು ಕರ್ನಾಟಕದಲ್ಲಿ 69. ಅದೇ ಕಾಲಕ್ಕೆ ತಮಿಳುನಾಡು 54, ಆಂಧ್ರ 45, ತೆಲಂಗಾಣ 43, ಕೇರಳ 19. ಆಗ ದಕ್ಷಿಣದಲ್ಲಿ ನಾವೇ ಹಿಂದೆ. ಮುಂದಿನ, 2019-21ರ ಲೆಕ್ಕದಲ್ಲಿ ನಮ್ಮದು 63ಕ್ಕೆ ಇಳಿಯಿತು. ಇಳಿದಿದ್ದು ಒಳ್ಳೆಯದು. ಆದರೆ 100ಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುವ ರಾಜ್ಯ ನಮ್ಮದು. ಅಂದರೆ ಈಗ ಸಾಯುವವರಲ್ಲಿ ಹೆಚ್ಚಿನವರು ಆಸ್ಪತ್ರೆ ಬೇಡ ಅಂದವರಲ್ಲ. ಆಸ್ಪತ್ರೆಗೆ ಬಂದವರು, ಇಲ್ಲ ದಾರಿಯಲ್ಲಿದ್ದವರು.

ಪ್ರೈವೇಟಲ್ಲಿ ಎಲ್ಲರಿಗೂ ಆಪರೇಷನ್ನೇ ಮಾಡುತ್ತಾರಾ?

ಎಲ್ಲರಿಗೂ ಅಲ್ಲ, ಆದರೆ ಜಾಸ್ತಿ. ಅದೇ 2019-21ರ ಸಮೀಕ್ಷೆಯಲ್ಲಿ ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಯಲ್ಲಿ ಶೇ. 47.4 ಸಿಸೇರಿಯನ್. ಸರ್ಕಾರಿಯಲ್ಲಿ ಶೇ. 14.3. ದೇಹ ಒಂದೇ, ಬಾಗಿಲು ಬದಲಾದರೆ ಇಷ್ಟು ವ್ಯತ್ಯಾಸ ಹೇಗೆ ಬರುತ್ತದೆ? ದುಡ್ಡಿರುವ ಕಡೆ ಬೇಡದ ಆಪರೇಷನ್ ಆಗುತ್ತಿದೆ, ದುಡ್ಡಿಲ್ಲದವಳಿಗೆ ಬೇಕಾದ ಆಪರೇಷನ್ ಹೊತ್ತಿಗೆ ಸಿಗುತ್ತಿಲ್ಲ. ಎರಡೂ ಅನ್ಯಾಯ.

ಸಿಸೇರಿಯನ್ ಕೆಟ್ಟದ್ದು ಅಂತ ಹೇಳುತ್ತಿಲ್ಲ, ಹೆದರಬೇಡಿ. ಎಷ್ಟೋ ಜೀವ ಉಳಿಸಿದೆ. ಯಾಕೆ ಬೇಕು ಅಂತ ಕೇಳಿ, ಅಷ್ಟೇ. ಒಳ್ಳೆ ಡಾಕ್ಟರ್ ಎರಡು ನಿಮಿಷ ನಿಂತು ಹೇಳುತ್ತಾರೆ.

ಹಾಗಾದರೆ ಸಾಲ ಮಾಡಿಯಾದರೂ ಪ್ರೈವೇಟಿಗೆ ಹೋಗಬೇಕಾ?

ಬೇಡ ಅಂತ ನಾನು ಹೇಳುತ್ತೇನೆ. ಓಲೆ ಅಡ ಇಟ್ಟು ಹೋದವರನ್ನು ನೋಡಿದ್ದೇನೆ, ಮಗು ಸ್ಕೂಲಿಗೆ ಹೋಗುವ ಹೊತ್ತಿಗೂ ಓಲೆ ವಾಪಸ್ ಬಂದಿಲ್ಲ. ಜನ ಪ್ರೈವೇಟಿಗೆ ಹೋಗುವುದು ಬರೀ ಶೋಕಿಗಲ್ಲ, ಅಲ್ಲಿ ಬೈಯುವುದಿಲ್ಲ ಅಂತ. ಹೆರಿಗೆ ವಾರ್ಡಿನಲ್ಲಿ ನೋವಿಗೆ ಕೂಗಿದವಳಿಗೆ ಕೇಳಬಾರದ ಮಾತು ಕೇಳಿಸುತ್ತಾರೆ. ಬಟ್ಟೆ, ಜಾತಿ, ಮಾತಿನ ಧಾಟಿ ನೋಡಿ ಏಕವಚನ ಬರುತ್ತದೆ. ಎಲ್ಲರೂ ಹಾಗಲ್ಲ, ರಾತ್ರಿಯಿಡೀ ತಲೆ ಸವರುತ್ತಾ ನಿಂತ ನರ್ಸಮ್ಮನನ್ನೂ ಕಂಡಿದ್ದೇನೆ. ಆದರೆ ಒಂದು ಸಲ ಅವಮಾನವಾದ ಮನೆಯವರು ಎರಡನೇ ಹೆರಿಗೆಗೆ ಅಲ್ಲಿಗೆ ಹೋಗುವುದಿಲ್ಲ. ಗೌರವವೂ ಚಿಕಿತ್ಸೆಯ ಭಾಗ ಅಂತ ಯಾವಾಗ ತಿಳಿಯುತ್ತಾರೋ.

ಮಗು ಹುಟ್ಟಿದ ಮೇಲೆ 'ಖುಷಿಗೆ ಕೊಡಿ' ಅಂತ ಕೇಳುತ್ತಾರೆ. ಕೊಡಬೇಕಾ?

ಕೊಡಬೇಕಿಲ್ಲ. ಕಾನೂನಿನ ಲೆಕ್ಕದಲ್ಲಿ ಅದು ಲಂಚ. ಗಂಡಾದರೆ ಒಂದು ರೇಟು, ಹೆಣ್ಣಾದರೆ ಒಂದು ರೇಟು ಅಂತ ಕೇಳುವುದಂತೂ ಹೊಟ್ಟೆ ಉರಿಸುವ ವಿಷಯ. ನಾವು ಹೋದ ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳಿದವರಿಗೆ, ಮಗು ತೋರಿಸಿದವರಿಗೆ, ಬಟ್ಟೆ ಬದಲಿಸಿದವರಿಗೆ ಅಂತ ಮೂರು ಕಡೆ ಕೇಳಿದರು. ಅಮ್ಮ ಸೆರಗಿನ ಗಂಟು ಬಿಚ್ಚಿ ಕೊಟ್ಟರು. ಯಾಕಮ್ಮಾ ಅಂದರೆ, 'ಮಗು ಅವರ ಕೈಯಲ್ಲಿತ್ತಲ್ಲೇ' ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಹೊತ್ತಿನಲ್ಲಿ ಜಗಳ ಮಾಡಲು ಆಗುವುದಿಲ್ಲ, ಗೊತ್ತು. ಯಾರು, ಯಾವ ಶಿಫ್ಟ್, ಎಷ್ಟು ಅಂತ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಮನೆಗೆ ಬಂದ ಮೇಲೆ 104ಕ್ಕೆ ದೂರು ಹೇಳಿ, ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆಯಿರಿ, ಲೋಕಾಯುಕ್ತಕ್ಕೂ ಕೊಡಬಹುದು. ನಾಲ್ಕು ಮನೆಯವರು ಸೇರಿ ಬರೆದರೆ ಇನ್ನೂ ಒಳ್ಳೆಯದು.

ರಕ್ತ ಕಮ್ಮಿ ಅಂದರು. ಚೆನ್ನಾಗಿ ತಿನ್ನಿ ಅಂದರು. ಏನು ತಿನ್ನುವುದು?

ಈ ಮಾತು ಕೇಳಿ ಎಷ್ಟು ಹೆಂಗಸರು ಸುಮ್ಮನೆ ತಲೆ ತಗ್ಗಿಸಿದ್ದಾರೋ. ದಾಳಿಂಬೆ, ಖರ್ಜೂರ ಅಂತ ಪಟ್ಟಿ ಕೊಡುತ್ತಾರೆ. ಮನೆಯಲ್ಲಿ ಇರುವುದು ಮುದ್ದೆ, ಸಾರು. ಅದೇ 2019-21ರ ಸಮೀಕ್ಷೆಯಲ್ಲಿ ಕರ್ನಾಟಕದ ಗರ್ಭಿಣಿಯರಲ್ಲಿ ಶೇ. 45.7 ಜನಕ್ಕೆ ರಕ್ತಹೀನತೆ ಇತ್ತು. ಅರ್ಧದಷ್ಟು ಬಸುರಿಯರು ತಿನ್ನಲು ಗೊತ್ತಿಲ್ಲದವರು ಅನ್ನಲು ಆಗುತ್ತದಾ? ಮನೆಯಲ್ಲಿ ಕೊನೆಗೆ ಉಣ್ಣುವವಳು ಅವಳು, ಅದು ಕಾರಣ.

ಹಿಮೋಗ್ಲೋಬಿನ್ 11ಕ್ಕಿಂತ ಕಮ್ಮಿ ಇದ್ದರೆ ರಕ್ತಹೀನತೆ. 7ಕ್ಕಿಂತ ಕಮ್ಮಿ ಇದ್ದರೆ ಅಪಾಯ, ತಕ್ಷಣ ಡಾಕ್ಟರ್ ನೋಡಬೇಕು. ಕಬ್ಬಿಣದ ಮಾತ್ರೆ ಬಸುರಿಯಲ್ಲಿ ಕಮ್ಮಿಯೆಂದರೆ 180 ದಿನ, ಬಾಣಂತನದಲ್ಲಿ ಮತ್ತೆ 180 ದಿನ, ಫ್ರೀ ಕೊಡುತ್ತಾರೆ. ಮಲ ಕಪ್ಪಗಾಗುತ್ತದೆ, ಹೆದರಿ ನಿಲ್ಲಿಸಬೇಡಿ. ಕ್ಯಾಲ್ಸಿಯಂ ಮಾತ್ರೆ ಜೊತೆ, ಟೀ ಜೊತೆ ತೆಗೆದುಕೊಳ್ಳಬೇಡಿ. ನಿಂಬೆಹಣ್ಣು ಒಳ್ಳೆಯದು. ರಾಗಿ, ಹುರಳಿ, ನುಗ್ಗೆಸೊಪ್ಪು ಇದ್ದೇ ಇದೆ, ಆದರೆ ಪಾಲು ಸರಿಯಾಗಿ ಬರಬೇಕು.

ಅಂಗನವಾಡಿಯಲ್ಲಿ ಮಾತೃಪೂರ್ಣ ಊಟ ಇದೆ. ರಾಜ್ಯಕ್ಕೆಲ್ಲಾ ಬಂದಿದ್ದು 2017ರ ಅಕ್ಟೋಬರ್ 2ಕ್ಕೆ. ಅದಕ್ಕೂ ಮೊದಲು ಪ್ರಯೋಗ ಮಾಡಿದ ನಾಲ್ಕು ತಾಲ್ಲೂಕಿನಲ್ಲಿ ನಮ್ಮ ಮಧುಗಿರಿಯೂ ಒಂದು. ಬಿಸಿ ಊಟ, ಮೊಟ್ಟೆ, ಹಾಲು, ತಿಂಗಳಿಗೆ 25 ದಿನ. ಯೋಚನೆ ತುಂಬಾ ಒಳ್ಳೆಯದು. ಆದರೆ ಮಧ್ಯಾಹ್ನ ಕಡಲೆಕಾಯಿ ಹೊಲದಲ್ಲಿ ಇರುವವಳು ಎರಡು ಕಿಲೋಮೀಟರ್ ನಡೆದು ಬಂದು ಹೇಗೆ ಉಣ್ಣುತ್ತಾಳೆ? ಯಾರಿಗೆ ಆ ಊಟ ತುಂಬಾ ಬೇಕೋ ಅವಳಿಗೇ ಅದು ದೂರ.

ಹಣ ಎಲ್ಲೆಲ್ಲಿಂದ ಬರುತ್ತದೆ?

ಪ್ರಧಾನಮಂತ್ರಿ ಮಾತೃವಂದನಾದಲ್ಲಿ ಮೊದಲ ಮಗುವಿಗೆ 5,000, ಎರಡು ಕಂತು. ಎರಡನೇ ಮಗು ಹೆಣ್ಣಾದರೆ 6,000. ಎರಡನೆಯದು ಗಂಡಾದರೆ ಏನೂ ಇಲ್ಲ, ಆ ಬಾಣಂತಿಗೂ ಹೊಟ್ಟೆ ಇದೆ ಅನ್ನುವುದನ್ನು ಮರೆತಂತಿದೆ. ಅರ್ಜಿ ಅಂಗನವಾಡಿಯಲ್ಲಿ. ಜನನಿ ಸುರಕ್ಷಾದ 700 ಹಳ್ಳಿಯವರಿಗೆ, ಪಟ್ಟಣದವರಿಗೆ 600. ಎಲ್ಲಾ ಬ್ಯಾಂಕ್ ಖಾತೆಗೇ ಬರುವುದು, ಖಾತೆ ನಿಮ್ಮ ಹೆಸರಿನಲ್ಲೇ ಇರಲಿ, ಆಧಾರ್ ಜೋಡಣೆಯಾಗಿರಲಿ. ಗಂಡನ ಮನೆ ಹೆಸರು, ತವರು ಹೆಸರು ಬೇರೆ ಬೇರೆ ಇದ್ದು ಹಣ ನಿಂತವರು ತುಂಬಾ ಜನ.

ಗಾರೆ ಕೆಲಸಕ್ಕೆ ಹೋಗುವವರು ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನಿಮ್ಮದೇ ಹೆಸರಲ್ಲಿ ಕಾರ್ಡ್ ಮಾಡಿಸಿ. ತಾಯಿ ಲಕ್ಷ್ಮಿ ಬಾಂಡ್ ಅಂತ ಮೊದಲ ಎರಡು ಮಕ್ಕಳಿಗೆ 50,000 ಇದೆ. ಗಂಡನ ಹೆಸರಲ್ಲಿ ಮಾತ್ರ ಕಾರ್ಡ್ ಇದ್ದರೆ ಸಿಗುವುದಿಲ್ಲ, ಬಸುರಿಯಾಗುವ ಮೊದಲೇ ಇದನ್ನು ನೋಡಿಕೊಳ್ಳಿ.

ಗಾರ್ಮೆಂಟ್ಸಲ್ಲಿ ಕೆಲಸ ಮಾಡುತ್ತೇನೆ. ಬಸುರಿ ಅಂತ ಗೊತ್ತಾದರೆ ಬಿಡಿಸುತ್ತಾರಾ?

ಬಿಡಿಸುವ ಹಾಗಿಲ್ಲ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆದಮೇಲೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ. ಸಂಬಳ 21,000ದೊಳಗೆ ಇದ್ದು ಇಎಸ್ಐ (ಕಾರ್ಮಿಕರ ವಿಮೆ) ಕಟ್ ಆಗುತ್ತಿದ್ದರೆ ಹೆರಿಗೆ ಹಣ ಇಎಸ್ಐನಿಂದ ಬರುತ್ತದೆ, ಹಿಂದಿನ ಎರಡು ಅವಧಿಯಲ್ಲಿ (ಆರಾರು ತಿಂಗಳಿಗೆ ಒಂದು ಅವಧಿ) 70 ದಿನವಾದರೂ ಕಟ್ ಆಗಿರಬೇಕು. ಪೇ ಸ್ಲಿಪ್ ಬಿಸಾಡಬೇಡಿ. 'ನೀನೇ ರಾಜೀನಾಮೆ ಬರೆದುಕೊಡು, ಆಮೇಲೆ ತೆಗೆದುಕೊಳ್ಳುತ್ತೇವೆ' ಅಂದರೆ ಸೈನ್ ಹಾಕಬೇಡಿ. ಬೀಡಿ ಕಟ್ಟುವವರಿಗೆ, ಹೂ ಬಿಡಿಸುವವರಿಗೆ, ಶಿಡ್ಲಘಟ್ಟದಲ್ಲಿ ಮನೆಯಲ್ಲೇ ರೇಷ್ಮೆ ಬಿಚ್ಚುವವರಿಗೆ ಈ ರಜೆ ಕನಸು. ಒಂಬತ್ತನೇ ತಿಂಗಳಲ್ಲೂ ಬಿಸಿನೀರಿನ ಮುಂದೆ ಕೂತಿರುತ್ತಾರೆ.

ಮೊದಲೆಲ್ಲಾ ಮನೆಯಲ್ಲೇ ಆಗುತ್ತಿತ್ತಲ್ಲ, ಈಗ್ಯಾಕೆ ಇಷ್ಟು ರಗಳೆ?

ನಮ್ಮ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಜಾಸ್ತಿ ಹೆರಿಗೆ ಮಾಡಿಸಿದವರು, ಒಂದು ಕಾಸೂ ಕೇಳದೆ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಅವರ ಹೆಸರು ಹೇಳಿದರೆ ಈಗಲೂ ಅಜ್ಜಿಯರು ಕೈ ಮುಗಿಯುತ್ತಾರೆ. ಅಂಥ ಕೈ ಎಲ್ಲಾ ಊರಲ್ಲೂ ಇರಲಿಲ್ಲ. ರಕ್ತ ಹರಿಯಲು ಶುರುವಾದರೆ ಮನೆಯಲ್ಲಿ ನಿಲ್ಲಿಸಲು ಆಗುವುದಿಲ್ಲ, ಅದಕ್ಕೇ ಆಸ್ಪತ್ರೆ. ಆದರೆ ಅವರ ಹತ್ತಿರ ಇದ್ದ ಒಂದು ವಿಷಯ ವಾರ್ಡುಗಳಿಗೂ ಬರಬೇಕು. ಅವರು ಬಡವಳನ್ನು ಬೈಯುತ್ತಿರಲಿಲ್ಲ.

ಬಾಣಂತಿಯನ್ನು ಸೂತಕ ಅಂತ ಊರ ಹೊರಗೆ ಇಡುತ್ತಾರೆ. ಏನು ಮಾಡುವುದು?

ಕೆಲವು ಗೊಲ್ಲರಹಟ್ಟಿಗಳಲ್ಲಿ ಇನ್ನೂ ಇದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಒಂದು ಹಟ್ಟಿಯಲ್ಲಿ ಮಳೆ ಚಳಿಯಲ್ಲಿ ಗುಡಿಸಲಿನಲ್ಲಿದ್ದ ಹಸುಗೂಸು ತೀರಿಕೊಂಡಿತು. ನಂಬಿಕೆಯನ್ನು ಬೈದರೆ ಯಾರೂ ಕೇಳುವುದಿಲ್ಲ. ಹಟ್ಟಿಯ ಹಿರಿಯ ಹೆಂಗಸರೇ ಮಾತಾಡಬೇಕು. ಅಷ್ಟರಲ್ಲಿ ಆಶಾಗೆ ತಿಳಿಸಿ, ಮಗುವನ್ನು ಎದೆಗೆ ಅಪ್ಪಿಕೊಂಡು ಬೆಚ್ಚಗಿಡಿ. ಮಗು ತಣ್ಣಗಾದರೆ, ಹಾಲು ಬಿಟ್ಟರೆ ಒಂದು ಕ್ಷಣವೂ ಕಾಯಬೇಡಿ.

ಯಾವಾಗ ಎಲ್ಲಾ ಬಿಟ್ಟು ಓಡಬೇಕು?

ರಕ್ತ ಹೋದರೆ. ತಲೆನೋವು ಜೋರಾಗಿ ಕಣ್ಣು ಮಂಜಾದರೆ, ಮುಖ ಕೈ ಊದಿದರೆ. ಫಿಟ್ಸ್ ಬಂದರೆ. ನೀರು ಹೋದರೆ. ಮಗು ಒದೆಯುವುದು ಕಮ್ಮಿಯಾದರೆ. ಹೆರಿಗೆಯಾದ ಮೇಲೆ ಜ್ವರ ಬಂದರೆ. ಅತ್ತೆಯನ್ನು ಕೇಳಬೇಕು, ಗಂಡ ಬರಲಿ, ಬೆಳಗಾಗಲಿ ಅನ್ನಬೇಡಿ.

ನಾನು ಗಂಡ. ದುಡ್ಡಿಲ್ಲ. ಈಗಲೇ ಏನು ಮಾಡಿಟ್ಟುಕೊಳ್ಳಲಿ?

ಈ ಪ್ರಶ್ನೆ ಕೇಳಿದ್ದಕ್ಕೇ ನಿಮಗೆ ನಮಸ್ಕಾರ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಯಲ್ಲಿ ನಾಲ್ಕು ತಿಂಗಳು ದಾಟಿದ ಬಸುರಿಯರಿಗೆ ಡಾಕ್ಟರ್ ತಪಾಸಣೆ ಇರುತ್ತದೆ, ಅವತ್ತು ಕರೆದುಕೊಂಡು ಹೋಗಿ. ಎಂಟನೇ ತಿಂಗಳಿಗೆ ಮೊದಲೇ ಊರಲ್ಲಿ ಕಾರಿರುವ ಇಬ್ಬರ ಹತ್ತಿರ ಮಾತಾಡಿ, ರಾತ್ರಿ ಫೋನ್ ಎತ್ತುತ್ತಾರಾ ಕೇಳಿ. ಅವಳ ರಕ್ತದ ಗುಂಪು ಗೊತ್ತು ಮಾಡಿಕೊಳ್ಳಿ, ರಕ್ತ ಕೊಡುವ ಇಬ್ಬರು ಗೆಳೆಯರಿಗೆ ಹೇಳಿಡಿ. ತಾಯಿ ಕಾರ್ಡ್, ಆಧಾರ್, ಸ್ಕ್ಯಾನಿಂಗ್ ರಿಪೋರ್ಟ್, ಎರಡು ಹಳೇ ಮೆತ್ತನೆ ಸೀರೆ, ಒಂದು ಫ್ಲಾಸ್ಕ್ ಒಂದೇ ಬ್ಯಾಗಿನಲ್ಲಿ ಹಾಕಿ ಬಾಗಿಲ ಹಿಂದೆ ನೇತುಹಾಕಿ. ನೋವು ಶುರುವಾದರೆ ಮೊದಲು 108, ಆಮೇಲೆ ಆಶಾ, ಆಮೇಲೆ ಕಾರಿನವರು. ಮೂರೂ ನಂಬರನ್ನು ಫೋನಿನಲ್ಲಿ ಮಾತ್ರ ಅಲ್ಲ, ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ. ನೀವು ಕೆಲಸಕ್ಕೆ ಹೋದಾಗ ಮನೆಯಲ್ಲಿ ಇರುವುದು ಅವಳೂ ನಿಮ್ಮಮ್ಮನೂ ಅಲ್ವಾ.